ಕೊಲ್ಲುವ ಕಿಣ್ವಗಳ ಕಟ್ಟುಪಾಡು

ರೋಗಾಣುಗಳು ರಕ್ತದಲ್ಲಿಯೋ ಅಂಗಾಂಶಗಳ ನಡುವಣ ದ್ರವದಲ್ಲಿಯೋ ಅಲೆಯುತ್ತಿರುವ ತನಕ ಅವುಗಳನ್ನು ಎದುರಿಸುವುದಕ್ಕೆ ಶರೀರದಲ್ಲಿ ಪ್ರತಿಕಾಯಗಳಿವೆ, ನುಂಗಿ ಜೀರ್ಣಿಸಿಕೊಳ್ಳುವ ಭಕ್ಷಕ ಕೋಶಗಳಿವೆ, ರಕ್ತದ್ರವದಲ್ಲಿಯೇ ಕರಗಿಕೊಂಡಿರುವ ಪೂರಕ ಪ್ರೋಟೀನುಗಳಿವೆ. ಆದರೆ ವೈರಾಣುವೊಂದು ನಮ್ಮದೇ ಆದ ಜೀವಕೋಶವನ್ನು ಹೊಕ್ಕು, ಅದರ ಸಕಲ ಸಲಕರಣೆಗಳನ್ನೂ ತನ್ನ ಸಂತಾನವೃದ್ಧಿಗೆ ದುಡಿಸಿಕೊಳ್ಳತೊಡಗಿತೆಂದರೆ ಈ ಸಾಧನಗಳಲ್ಲಿ ಯಾವುದೂ ಅದರ ಬಳಿಗೆ ಸುಳಿಯಲಾರದು. ಆಗ ಉಳಿಯುವ ಮಾರ್ಗ ಒಂದೇ. ಆಶ್ರಯವಿತ್ತ ಆ ಕೋಶವನ್ನೇ, ಅದರಿಂದ ಹೊಸ ವೈರಾಣುಗಳು ಹೊರಬೀಳುವ ಮುನ್ನ, ಕೊಂದುಬಿಡಬೇಕು. ತನ್ನ ಶರೀರದ ಅಂಶವನ್ನು ತಾನೇ ಕೊಲ್ಲತಕ್ಕ ಈ ಕಾರ್ಯವು ಎಷ್ಟು ಅವಶ್ಯಕವೋ ಅಷ್ಟೇ ಅಪಾಯಕರವಾದದ್ದು. ಆದುದರಿಂದಲೇ ಅದನ್ನು ನೆರವೇರಿಸುವ ಕಿಣ್ವಗಳ ಕಥೆಯಲ್ಲಿ ಸಂಹಾರದ ಭಾಗಕ್ಕಿಂತ ಸಂಯಮದ ಭಾಗ ದೊಡ್ಡದಾಗಿದೆ.

ಈ ಕಾರ್ಯಕ್ಕೆ ನಿಯುಕ್ತವಾದ ಕೋಶಗಳು ಎರಡು ಬಗೆಯವು: ಹಂತಕ ಟಿ-ಕೋಶಗಳು ಮತ್ತು ಸಹಜ ಹಂತಕ ಕೋಶಗಳು. ಎರಡೂ ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟು ಎನಿಸಿಕೊಂಡ ವರ್ಗಕ್ಕೆ ಸೇರಿದುವು. ನಮ್ಮ ಶರೀರದ ಬಹುಪಾಲು ಕೋಶಗಳು ತಮ್ಮೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಸಣ್ಣ ತುಣುಕುಗಳನ್ನು ಮೇಲ್ಮೈಯಲ್ಲಿರುವ ಕೆಲವು ವಿಶಿಷ್ಟ ಅಣುಗಳ ಮೇಲಿರಿಸಿ ಸದಾ ಪ್ರದರ್ಶಿಸುತ್ತಿರುತ್ತವೆ. ಆ ತುಣುಕುಗಳ ನಡುವೆ ವೈರಾಣುವಿಗೆ ಸೇರಿದ್ದು ಕಂಡುಬಂದರೆ ಅದನ್ನು ಗುರುತಿಸಬಲ್ಲ ಟಿ-ಕೋಶವು ಅಲ್ಲಿಯೇ ನಿಲ್ಲುತ್ತದೆ. ಟಿ-ಕೋಶವು ಬರಿಯ ವೈರಾಣುವನ್ನಲ್ಲ, ಸ್ವಂತ ಶರೀರದ ಗುರುತಿನ ಅಣುವಿನ ಮೇಲೆ ಕುಳಿತ ವೈರಾಣುವಿನ ತುಣುಕನ್ನು ನೋಡುತ್ತದೆಂಬ ಈ ಸಂಗತಿಯನ್ನು ಆಸ್ಟ್ರೇಲಿಯದ ಕ್ಯಾನ್ಬೆರಾ ನಗರದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಎಂಬಿಬ್ಬರು 1973-74ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ಕಂಡುಕೊಂಡರು. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು ಇದಕ್ಕಾಗಿಯೇ. ಕೆಲವು ವೈರಾಣುಗಳು ಉಪಾಯವಾಗಿ ಆ ಗುರುತಿನ ಅಣುಗಳನ್ನೇ ಕೋಶದ ಮೇಲ್ಮೈಗೆ ಬಾರದಂತೆ ತಡೆದುಬಿಡುತ್ತವೆ. ಹಾಗೆ ಮಾಡಿದಾಗ, 1975ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿಯೂ ಅಮೆರಿಕದಲ್ಲಿಯೂ ಬೇರೆಬೇರೆಯಾಗಿ ಬೆಳಕಿಗೆ ಬಂದ ಸಹಜ ಹಂತಕ ಕೋಶಗಳು ಎಚ್ಚರಗೊಳ್ಳುತ್ತವೆ. ಇರಬೇಕಾದದ್ದು ಇಲ್ಲದಿರುವುದೇ ಅವಕ್ಕೆ ಸಾಕಾದ ಸೂಚನೆ.

ಗುರುತಿಸುವ ಬಗೆ ಬೇರೆಯಾದರೂ ಕೊಲ್ಲುವ ಬಗೆ ಇಬ್ಬರದೂ ಒಂದೇ. ಹಂತಕ ಕೋಶವೊಂದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಜೀವರಸದಲ್ಲಿ ಕಪ್ಪಗೆ ಕಾಣುವ ಗುಂಡನೆಯ ಕಣಿಕೆಗಳು ಚದರಿಕೊಂಡಿರುತ್ತವೆ. ಒಂದೊಂದು ಕಣಿಕೆಯೂ ತನ್ನದೇ ಪೊರೆಯಿಂದ ಆವೃತವಾದ ಪುಟ್ಟ ಸಂಚಿ. ಒಳಗಿರುವುದು ಆಮ್ಲೀಯವಾದ ದ್ರವ. 1980ರ ದಶಕದಲ್ಲಿ ಈ ಕಣಿಕೆಗಳನ್ನು ಬೇರ್ಪಡಿಸಿ ಒಡೆದು ನೋಡಿದ ಸಂಶೋಧಕರಿಗೆ ಮೊದಲು ಕಣ್ಣಿಗೆ ಬಿದ್ದದ್ದು ಪರ್ಫೊರಿನ್ ಎಂಬ ಪ್ರೋಟೀನು. ಕ್ಯಾಲ್ಸಿಯಮ್ ಇದ್ದಲ್ಲಿ ಈ ಪ್ರೋಟೀನು ಗುರಿಯ ಕೋಶದ ಪೊರೆಯಲ್ಲಿ ರಂಧ್ರಗಳನ್ನು ಕೊರೆಯುತ್ತಿತ್ತು. ಇನ್ನೇನು, ಕೊಲೆಯ ರಹಸ್ಯ ತಿಳಿಯಿತೆಂದು ಅನೇಕರು ಭಾವಿಸಿದರು. ಆದರೆ ಅದೇ ಕಣಿಕೆಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಒಂದು ಕುಟುಂಬವೇ ತುಂಬಿಕೊಂಡಿದೆಯೆಂದು ಸ್ವಿಟ್ಜರ್ಲೆಂಡಿನ ಲೊಸಾನ್ ಬಳಿಯ ಪ್ರಯೋಗಶಾಲೆಯಲ್ಲಿ ಯುರ್ಗ್ ಚಾಪ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಇವುಗಳಿಗೆ ಗ್ರಾಂಜೈಮ್ ಎಂದು ಹೆಸರಾಯಿತು. ಮನುಷ್ಯನಲ್ಲಿ ಗ್ರಾಂಜೈಮ್‌ಗಳು ಐದು: ಎ, ಬಿ, ಹೆಚ್, ಕೆ ಮತ್ತು ಎಮ್. ಇಲಿಗಾದರೋ ಹತ್ತು ಇವೆ. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಅನ್ವಯಿಸುವಾಗ ತುಸು ತಡೆದು ಯೋಚಿಸಬೇಕೆನ್ನುವುದಕ್ಕೆ ಈ ಅಂಕಿ ಒಂದೇ ಸಾಕು. ಮುಂದೆ ಬೇರೆ ಕಾರಣಗಳೂ ಸಿಕ್ಕಾವು.

ಗ್ರಾಂಜೈಮ್‌ನ ರಚನೆಯನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಯುಕ್ತ, ಏಕೆಂದರೆ ಅದರ ಸ್ವಭಾವವೆಲ್ಲ ಅದರ ಆಕಾರದಲ್ಲಿ ಅಡಗಿದೆ. ಐವರಲ್ಲಿ ಹೆಚ್ಚಾಗಿ ಅಧ್ಯಯನಕ್ಕೆ ಒಳಪಟ್ಟ ಗ್ರಾಂಜೈಮ್ ಬಿ ಎಂಬುದು 227 ಅಮೈನೋ ಆಮ್ಲಗಳು ಒಂದರ ಹಿಂದೊಂದಾಗಿ ಪೋಣಿಸಿಕೊಂಡ ಸರ. ಸರವು ಮಡಿಸಿಕೊಂಡು ಆರಾರು ಎಳೆಗಳ ಎರಡು ಕೊಳವೆಯಾಕಾರದ ಗಂಟುಗಳಾಗಿ, ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತದೆ. ಇವೆರಡರ ನಡುವೆ ಉಳಿಯುವ ಸಂದೇ ಕ್ರಿಯಾಸ್ಥಾನ. ಈ ಸಂದಿನಲ್ಲಿ ಹಿಸ್ಟಿಡಿನ್, ಆಸ್ಪಾರ್ಟಿಕ್ ಆಮ್ಲ, ಸೆರಿನ್ ಎಂಬ ಮೂರು ಅಮೈನೋ ಆಮ್ಲಗಳು ಎದುರುಬದುರಾಗಿ ಕುಳಿತಿವೆ. ಸರದಲ್ಲಿ ಎಣಿಸಿದರೆ ಒಂದರಿಂದೊಂದು ಬಹು ದೂರದಲ್ಲಿರುವ ಈ ಮೂವರು ಮಡಿಕೆಯ ಫಲವಾಗಿ ಒಂದೆಡೆ ಕೂಡುತ್ತಾರೆ. ಆಸ್ಪಾರ್ಟಿಕ್ ಆಮ್ಲವು ಹಿಸ್ಟಿಡಿನನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುತ್ತದೆ. ಹಿಸ್ಟಿಡಿನ್ ಸೆರಿನ್ನಿನಿಂದ ಒಂದು ಪ್ರೋಟಾನನ್ನು ಸೆಳೆದುಕೊಳ್ಳುತ್ತದೆ. ಹಾಗೆ ತೀಕ್ಷ್ಣಗೊಂಡ ಸೆರಿನ್ ಎದುರಿಗೆ ಬಂದ ಪ್ರೋಟೀನಿನ ಬಂಧವನ್ನು ಹಿಡಿದು ಮುರಿಯುತ್ತದೆ. ಕಡೆಗೆ ನೀರಿನ ಅಣುವೊಂದು ಬಂದು ತುಂಡನ್ನು ಬಿಡಿಸಿಕೊಂಡುಹೋಗಲು ಕಿಣ್ವವು ಮೊದಲಿನಂತೆಯೇ ಇನ್ನೊಂದು ಕಡಿತಕ್ಕೆ ಸಿದ್ಧವಾಗುತ್ತದೆ. ಇದು ಗ್ರಾಂಜೈಮ್‌ಗಳ ಸ್ವಂತ ಸೊತ್ತೇನಲ್ಲ. ನಾವು ಉಂಡ ಬೇಳೆಯ ಪ್ರೋಟೀನನ್ನು ಕರುಳಿನಲ್ಲಿ ಕತ್ತರಿಸುವ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್‌ಗಳೂ, ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ನೂ ಇದೇ ಮನೆತನದವು. ಇವುಗಳ ಪೈಕಿ ಕೈಮೊಟ್ರಿಪ್ಸಿನ್ನಿನ ಆಕಾರವನ್ನು 1967ರಷ್ಟು ಹಿಂದೆಯೇ ಕೇಂಬ್ರಿಜ್ಜಿನಲ್ಲಿ ಡೇವಿಡ್ ಬ್ಲೋ ಅವರ ತಂಡ ಕ್ಷ-ಕಿರಣಗಳ ಮೂಲಕ ಕಂಡುಹಿಡಿದಿತ್ತು.

ಹಾಗಾದರೆ ಅನ್ನವನ್ನು ಜೀರ್ಣಿಸುವ ಕಿಣ್ವಕ್ಕೂ ಕೋಶವನ್ನು ಕೊಲ್ಲುವ ಕಿಣ್ವಕ್ಕೂ ಭೇದವೆಲ್ಲಿ? ಭೇದವಿರುವುದು ಸಂದಿನ ಪಕ್ಕದ ಒಂದು ಸಣ್ಣ ಕುಳಿಯಲ್ಲಿ. ಅಡಕತ್ತರಿಯ ಬಾಯಿಗೆ ಅಡಕೆ ಸರಿಯಾಗಿ ಕೂತ ಹೊರತು ಹೋಳಾಗುವುದಿಲ್ಲವಷ್ಟೆ. ಹಾಗೆಯೇ ಕತ್ತರಿಸಬೇಕಾದ ಪ್ರೋಟೀನಿನ ಒಂದು ಅಮೈನೋ ಆಮ್ಲ ಈ ಕುಳಿಯಲ್ಲಿ ಇಳಿದು ಕುಳಿತಾಗ ಮಾತ್ರ ಕಡಿತ ನಡೆಯುತ್ತದೆ. ಗ್ರಾಂಜೈಮ್ ಬಿ ಕಿಣ್ವದ ಕುಳಿಯ ತಳದಲ್ಲಿ ಧನವಿದ್ಯುದಂಶವುಳ್ಳ ಆರ್ಜಿನಿನ್ ಇರುವುದರಿಂದ, ಋಣವಿದ್ಯುದಂಶವುಳ್ಳ ಆಸ್ಪಾರ್ಟಿಕ್ ಆಮ್ಲವೇ ಅದಕ್ಕೆ ಒಪ್ಪುತ್ತದೆ. ಅದೂ ಸಾಲದೆಂಬಂತೆ ಅದರ ಹಿಂದಿನ ಮೂರು ಅಮೈನೋ ಆಮ್ಲಗಳೂ ತಕ್ಕವಾಗಿರಬೇಕು. ಟ್ರಿಪ್ಸಿನ್ ತನಗೆ ಸಿಕ್ಕ ಪ್ರೋಟೀನನ್ನು ನುಚ್ಚುನುಚ್ಚು ಮಾಡುವಲ್ಲಿ ಗ್ರಾಂಜೈಮ್ ಬಿ ಒಂದೆರಡು ನಿಯತವಾದ ಜಾಗಗಳನ್ನು ಕತ್ತರಿಸಿ ಸುಮ್ಮನಾಗುತ್ತದೆ. ಗ್ರಾಂಜೈಮ್ ಎ ಇದಕ್ಕಿಂತ ಬೇರೆ. ಅದರ ಕುಳಿಯಲ್ಲಿ ಋಣವಿದ್ಯುದಂಶವಿದ್ದು ಆರ್ಜಿನಿನ್ ಇಲ್ಲವೆ ಲೈಸಿನ್ ಬಂದು ಕೂರಬೇಕು. ಅಲ್ಲದೆ ಇಂಥ ಎರಡು ಅಣುಗಳು ಗಂಧಕದ ಬಂಧವೊಂದರಿಂದ ಬೆಸೆದುಕೊಂಡು ಅವಳಿಯಾಗಿಯೇ ಸಂಚರಿಸುತ್ತವೆ. ಈ ಅವಳಿಯ ಆಕಾರ 2003ರಲ್ಲಿ ತಿಳಿದುಬಂದಾಗ, ಜೊತೆಗಾರನ ಮೈಯೂ ಸೇರಿ ಕ್ರಿಯಾಸ್ಥಾನದ ಪ್ರವೇಶವನ್ನು ಕಿರಿದುಗೊಳಿಸಿದೆಯೆಂಬುದು ಸ್ಪಷ್ಟವಾಯಿತು. ಉಳಿದ ಮೂವರ ಕುಳಿಗಳೂ ಒಂದೊಂದು ತೆರನಾಗಿದ್ದು ಒಬ್ಬೊಬ್ಬರ ಆಯ್ಕೆ ಒಂದೊಂದು.

ಇಷ್ಟು ಹರಿತವಾದ ವಸ್ತುವನ್ನು ಹಂತಕ ಕೋಶವು ತನ್ನ ಒಡಲಲ್ಲಿಯೇ ತಯಾರಿಸಿಕೊಂಡು, ವಾರಗಟ್ಟಲೆ ಇಟ್ಟುಕೊಂಡು, ತಾನು ಸಾಯದೆ ಉಳಿಯುವುದು ಹೇಗೆ? ಇಲ್ಲಿ ಪ್ರಕೃತಿ ಒಂದರ ಮೇಲೊಂದು ಬಂದೋಬಸ್ತನ್ನು ಮಾಡಿದೆ. ಗ್ರಾಂಜೈಮ್ ಹುಟ್ಟುವಾಗಲೇ ಅದರ ಮುಂತುದಿಯಲ್ಲಿ ಎರಡು ಅಮೈನೋ ಆಮ್ಲಗಳು ಹೆಚ್ಚಾಗಿರುತ್ತವೆ. ಅವು ಇರುವವರೆಗೆ ಕುಳಿಯು ಸರಿಯಾಗಿ ರೂಪುಗೊಳ್ಳದೆ ಕಿಣ್ವವು ಜಡವಾಗಿರುತ್ತದೆ. ಹುಟ್ಟಿದ ಕಿಣ್ವಕ್ಕೆ ಫಾಸ್ಫೇಟು ಅಂಟಿದ ಮ್ಯಾನೋಸ್ ಸಕ್ಕರೆಯ ಗುರುತನ್ನು ಹಚ್ಚಿ ಕಣಿಕೆಗೆ ಕಳುಹಿಸಲಾಗುತ್ತದೆ. ಅಲ್ಲಿ ಕೆಥೆಪ್ಸಿನ್ ಸಿ ಎಂಬ ಇನ್ನೊಂದು ಕಿಣ್ವ ಆ ಎರಡನ್ನು ಕತ್ತರಿಸಿ ಹಾಕುತ್ತಲೇ ಹೊಸದಾಗಿ ಹೊರಬಿದ್ದ ತುದಿ ಒಳಕ್ಕೆ ಮಡಿಸಿಕೊಂಡು ಕುಳಿಯನ್ನು ನೆಟ್ಟಗೆ ಮಾಡುತ್ತದೆ. ಆಗಲೂ ಅದು ಕೆಲಸಕ್ಕೆ ಇಳಿಯುವಂತಿಲ್ಲ. ಕಣಿಕೆಯ ಆಮ್ಲೀಯತೆಯಲ್ಲಿ ಅದರ ಕ್ರಿಯೆ ಬಹಳ ಕುಗ್ಗಿರುತ್ತದೆ, ಮೇಲಾಗಿ ಸರ್ಗ್ಲೈಸಿನ್ ಎಂಬ ದೊಡ್ಡ ಅಣುವಿನ ಸಕ್ಕರೆಯ ಎಳೆಗಳಿಗೆ ಅದು ಅಂಟಿಕೊಂಡಿರುತ್ತದೆ. ಅಕಸ್ಮಾತ್ತಾಗಿ ಒಂದಿಷ್ಟು ಕಣಿಕೆಯಿಂದ ಸೋರಿ ಜೀವರಸಕ್ಕೆ ಬಂತೆನ್ನಿ. ಅಲ್ಲಿ ಸರ್ಪಿನ್ ಬಿ9 ಎಂಬ ಪ್ರತಿಬಂಧಕ ಪ್ರೋಟೀನು ಕಾದಿದ್ದು, ತನ್ನ ಮೈಯ ಒಂದು ಕುಣಿಕೆಯನ್ನು ಗ್ರಾಂಜೈಮ್ ಬಿ ಕಿಣ್ವಕ್ಕೆ ಒಡ್ಡಿ, ಅದು ಕಚ್ಚಿದ ಕ್ಷಣದಲ್ಲಿ ಅದನ್ನು ಶಾಶ್ವತವಾಗಿ ಹಿಡಿದುಹಾಕುತ್ತದೆ. ಕೆಥೆಪ್ಸಿನ್ ಸಿ ಇಲ್ಲದೆಯೇ ಹುಟ್ಟುವ ಜನರೂ ಉಂಟು. ಪ್ಯಾಪಿಲಾನ್-ಲಫೆವ್ರ್ ಎಂಬ ಈ ವಿರಳ ರೋಗದಲ್ಲಿ ಅಂಗೈ ಅಂಗಾಲುಗಳ ಚರ್ಮ ದಪ್ಪಗಟ್ಟಿ, ವಸಡು ಕೊಳೆತು ಚಿಕ್ಕ ವಯಸ್ಸಿನಲ್ಲಿಯೇ ಹಲ್ಲುಗಳು ಉದುರುತ್ತವೆ. ಆಶ್ಚರ್ಯದ ಸಂಗತಿಯೆಂದರೆ ವೈರಾಣುರೋಗಗಳಿಂದ ಇವರು ಅಷ್ಟಾಗಿ ಬಾಧೆಪಡುವಂತೆ ಕಾಣುವುದಿಲ್ಲ. ಗ್ರಾಂಜೈಮ್‌ಗಳನ್ನು ಎಚ್ಚರಿಸಲು ಬೇರೊಂದು ಹಿತ್ತಿಲ ದಾರಿಯೂ ಇರಬೇಕೆಂದು ಇದರಿಂದ ಊಹಿಸಬಹುದಾಗಿದೆ.

ಇನ್ನು ಕೊಲ್ಲುವ ಕ್ಷಣಕ್ಕೆ ಬರೋಣ. ಪ್ರಯೋಗಶಾಲೆಗಳಲ್ಲಿ ಹಂತಕ ಕೋಶವನ್ನೂ ಅದರ ಗುರಿಯನ್ನೂ ಗಾಜಿನ ಬಟ್ಟಲಲ್ಲಿ ಒಟ್ಟಿಗೆ ಬಿಟ್ಟು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಕ್ಷಣಕ್ಷಣದ ಚಿತ್ರ ತೆಗೆದಿರುವುದರಿಂದ ಇದನ್ನು ಈಗ ಗಡಿಯಾರವಿಟ್ಟು ವರ್ಣಿಸಬಹುದು. ಟಿ-ಕೋಶವು ಗುರಿಯ ಮೈಮೇಲೆ ಹರಿದಾಡುತ್ತ, ಗುರುತು ಸಿಕ್ಕ ಕೂಡಲೇ ನಿಂತು, ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಅದರೊಳಗಿನ ಸೂಕ್ಷ್ಮನಾಳಿಕೆಗಳ ಕೇಂದ್ರವು ಹಿಂದಿನಿಂದ ಮುಂದಕ್ಕೆ ಸರಿದು ಸಂಪರ್ಕದ ಪೊರೆಯನ್ನೇ ತಾಗುವಂತೆ ನಿಲ್ಲುತ್ತದೆ. ಆ ನಾಳಿಕೆಗಳನ್ನು ಹಿಡಿದುಕೊಂಡು ಚದರಿದ್ದ ಕಣಿಕೆಗಳೆಲ್ಲ ಅತ್ತ ಧಾವಿಸುತ್ತವೆ. ಎರಡು ಕೋಶಗಳ ನಡುವೆ ಸುತ್ತಲೂ ಬಿಗಿಯಾಗಿ ಮುಚ್ಚಿದ ಕಿರಿದಾದ ಎಡೆಯೊಂದು ಏರ್ಪಟ್ಟಿರುತ್ತದೆ. ಕಣಿಕೆಗಳು ತಮ್ಮ ದ್ರವವನ್ನು ಸುರಿಯುವುದು ಅಲ್ಲಿಗೆ, ಅಲ್ಲಿಗೆ ಮಾತ್ರ. ಪಕ್ಕದಲ್ಲಿರುವ ನಿರಪರಾಧಿ ಕೋಶದ ಮೇಲೆ ಒಂದು ಹನಿಯೂ ಬೀಳದಂತೆ. ಆಮ್ಲೀಯತೆ ಹೋಯಿತು, ಕ್ಯಾಲ್ಸಿಯಮ್ ದೊರೆಯಿತು. ಪರ್ಫೊರಿನ್ ಈಗ ಗುರಿಯ ಪೊರೆಗೆ ಅಂಟಿ, ಸುಮಾರು ಇಪ್ಪತ್ತು ಅಣುಗಳು ಕೈಕೈ ಹಿಡಿದು ವೃತ್ತವಾಗಿ ನಿಂತು, ಪ್ರತಿಯೊಂದೂ ತನ್ನ ಮೈಯ ಒಂದು ಭಾಗವನ್ನು ಬಿಚ್ಚಿ ಪೊರೆಯೊಳಕ್ಕೆ ಇಳಿಸಲು, 10ರಿಂದ 20 ನ್ಯಾನೋಮೀಟರ್ ಅಗಲದ ರಂಧ್ರ ತೆರೆದುಕೊಳ್ಳುತ್ತದೆ. ಗ್ರಾಂಜೈಮ್‌ನ ಅಣು ಇದರೊಳಗೆ ನಿರಾತಂಕವಾಗಿ ತೂರಬಲ್ಲುದು. ಗುರಿಯ ಕೋಶವೇನೂ ಕೈಕಟ್ಟಿ ಕೂರುವುದಿಲ್ಲ. ಹರಿದ ಪೊರೆಯನ್ನು ಅದು ಒಂದೂವರೆ ನಿಮಿಷದೊಳಗೆ ಮುಚ್ಚಿಕೊಳ್ಳುತ್ತದೆಂದು ಮೆಲ್ಬರ್ನ್ ನಗರದ ಸಂಶೋಧಕರು 2013ರಲ್ಲಿ ತೋರಿಸಿದರು. ಆದರೆ ಆ ವೇಳೆಗೆ ಒಳಹೋಗಬೇಕಾದದ್ದು ಹೋಗಿಯಾಗಿದೆ. ಮತ್ತೆ ಕೆಲವೇ ನಿಮಿಷಗಳಲ್ಲಿ ಆ ಕೋಶ ಮುದುರಿ ದುಂಡಗಾಗತೊಡಗುತ್ತದೆ.

ಅದೇ ಎಡೆಯಲ್ಲಿ ಪರ್ಫೊರಿನ್‌ಗೆ ಎದುರಾಗಿರುವುದು ಗುರಿಯ ಪೊರೆಯೊಂದೇ ಅಲ್ಲ, ಹಂತಕ ಕೋಶದ ಪೊರೆಯೂ ಅಷ್ಟೇ ಹತ್ತಿರದಲ್ಲಿದೆ. ಅದೇಕೆ ತೂತಾಗದು ಎಂಬುದು ಬಹುಕಾಲ ಒಗಟಾಗಿದ್ದಿತು. ಹಂತಕ ಕೋಶದ ಪೊರೆಯ ಕೊಬ್ಬಿನ ಅಣುಗಳು ಆ ಜಾಗದಲ್ಲಿ ಅಸಾಮಾನ್ಯವಾಗಿ ಒತ್ತೊತ್ತಾಗಿ ಜೋಡಣೆಗೊಂಡಿದ್ದು ಪರ್ಫೊರಿನ್ ಅಂಟಲಾರದೆಂದೂ, ಅಂಟಿದಷ್ಟನ್ನು ಋಣವಿದ್ಯುದಂಶವುಳ್ಳ ಕೊಬ್ಬು ಹಿಡಿದು ನಿಷ್ಪ್ರಯೋಜಕ ಗೊಂಚಲಾಗಿಸುತ್ತದೆಂದೂ 2019ರಲ್ಲಿ ತಿಳಿದುಬಂತು. ಹೀಗಾಗಿ ಹಂತಕ ಕೋಶವು ಕೆಲಸ ಮುಗಿಸಿ, ಕಳಚಿಕೊಂಡು, ಇನ್ನೊಂದು ಗುರಿಯನ್ನು ಅರಸುತ್ತ ಹೋಗಬಹುದಾಗಿದೆ. ಪರ್ಫೊರಿನ್ನಿನ ಆಕಾರದ ವಿಷಯದಲ್ಲಿ ಇನ್ನೊಂದು ಮಾತು. ಅದು 2010ರಲ್ಲಿ ಮೆಲ್ಬರ್ನ್ ಮತ್ತು ಲಂಡನ್ ನಗರಗಳ ವಿಜ್ಞಾನಿಗಳ ಜಂಟಿ ಪ್ರಯತ್ನದಿಂದ ವ್ಯಕ್ತವಾದಾಗ, ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಕೋಶಗಳನ್ನು ತೂತುಮಾಡಲು ಬಳಸುವ ವಿಷಗಳ ತಿರುಳಿಗೂ ಇದರ ತಿರುಳಿಗೂ ಸ್ಪಷ್ಟವಾದ ಹೋಲಿಕೆ ಕಂಡಿತು. ಹಗೆಯ ಕೈಯಲ್ಲೂ ನಮ್ಮ ಕೈಯಲ್ಲೂ ಇರುವುದು ಒಂದೇ ಪೂರ್ವಜನ ಸೊತ್ತು.

ರಂಧ್ರ ಮಾತ್ರದಿಂದಲೇ ಕೋಶ ಸಾಯುವುದೋ, ಗ್ರಾಂಜೈಮ್ ಅವಶ್ಯವೋ ಎಂಬ ವಾದವನ್ನು ಇತ್ಯರ್ಥಗೊಳಿಸಿದ ಪ್ರಯೋಗ ಸರಳವಾದದ್ದು, ಸೊಗಸಾದದ್ದು. ಹಂತಕ ಸ್ವಭಾವವೇ ಇಲ್ಲದ, ಆದರೆ ಕಣಿಕೆಗಳುಳ್ಳ ಇಲಿಜಾತಿಯ ಒಂದು ಬಗೆಯ ಕೋಶಕ್ಕೆ ಅಮೆರಿಕದ ಬೆಥೆಸ್ಡಾದಲ್ಲಿ ಪಿಯರ್ ಹೆಂಕಾರ್ಟ್ ಅವರ ತಂಡದವರು ಪರ್ಫೊರಿನ್ನಿನ ವಂಶವಾಹಿಯನ್ನು ಸೇರಿಸಿದರು. ಅದು ಗುರಿಯನ್ನು ತೂತುಮಾಡಿತೇ ಹೊರತು ಟಿ-ಕೋಶದಿಂದ ಸತ್ತ ಕೋಶದಲ್ಲಿ ಕಾಣುವಂತೆ ಡಿಎನ್‌ಎ ತುಂಡಾಗಲಿಲ್ಲ. ಗ್ರಾಂಜೈಮ್ ಎ ಕಿಣ್ವದ ವಂಶವಾಹಿಯನ್ನೂ ಜೊತೆಗೆ ಸೇರಿಸಿದಾಗ ಡಿಎನ್‌ಎ ತುಂಡಾಯಿತು. ಇದು 1992ರ ಮಾತು. ಗ್ರಾಂಜೈಮ್ ಡಿಎನ್‌ಎಯನ್ನು ಕತ್ತರಿಸುವ ಕಿಣ್ವವಲ್ಲ, ಪ್ರೋಟೀನನ್ನು ಕತ್ತರಿಸುವಂಥದು. ಹಾಗಿದ್ದಮೇಲೆ ಡಿಎನ್‌ಎಗೆ ಕತ್ತರಿ ಹಾಕಿದವರಾರು? ಗ್ರಾಂಜೈಮ್ ಬಿ ಮಟ್ಟಿಗೆ ಉತ್ತರ ಮೂರು ವರ್ಷಗಳಲ್ಲಿ ಸಿಕ್ಕಿತು, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮನೋಹರವಾಗಿ ತೋರುವ ಭಾಗವೂ ಅದೇ. ನಮ್ಮ ಪ್ರತಿಯೊಂದು ಜೀವಕೋಶವೂ ಹಳತಾದಾಗ ಇಲ್ಲವೆ ಕೆಟ್ಟಾಗ ತಾನಾಗಿ ಕಳಚಿಕೊಂಡು ಸಾಯುವುದಕ್ಕೆ ಬೇಕಾದ ಸಾಮಗ್ರಿಯನ್ನು ಹುಟ್ಟಿನಿಂದಲೇ ಒಳಗಿಟ್ಟುಕೊಂಡಿರುತ್ತದೆ. ಕ್ಯಾಸ್ಪೇಸ್‌ಗಳೆಂಬ ಕಿಣ್ವಗಳು ಅದರಲ್ಲಿ ಮುಖ್ಯವಾದುವು. ನಿದ್ರಾವಸ್ಥೆಯಲ್ಲಿರುವ ಅವುಗಳ ಸರದಲ್ಲಿ ಒಂದು ನಿಯತ ಜಾಗವನ್ನು ಕತ್ತರಿಸಿದರೆ ಅವು ಎಚ್ಚರಗೊಳ್ಳುತ್ತವೆ. ಆ ಜಾಗದಲ್ಲಿರುವುದು ಆಸ್ಪಾರ್ಟಿಕ್ ಆಮ್ಲ! ಗ್ರಾಂಜೈಮ್ ಬಿ ಒಳಹೊಕ್ಕು ಕ್ಯಾಸ್ಪೇಸ್-3 ಎಂಬುದನ್ನು ಅಲ್ಲಿ ಕತ್ತರಿಸುತ್ತದೆಂದು 1995ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಕ್ಯಾಸ್ಪೇಸೇ ಕೆಲಸವನ್ನು ಮುಂದುವರಿಸಿ, ಡಿಎನ್‌ಎ ಕತ್ತರಿಸುವ ಕಿಣ್ವವೊಂದನ್ನು ಅದರ ಕಾವಲುಗಾರನಿಂದ ಬಿಡಿಸುತ್ತದೆ, ಕೋಶದ ಒಳಗಟ್ಟನ್ನು ಕುಸಿಯುವಂತೆ ಮಾಡುತ್ತದೆ. ಜೊತೆಗೆ ಗ್ರಾಂಜೈಮ್ ಬಿ ಕಿಣ್ವವು ‘ಬಿಡ್’ ಎಂಬ ಪ್ರೋಟೀನನ್ನೂ ಕತ್ತರಿಸಿ ಮೈಟೋಕಾಂಡ್ರಿಯಾಗಳ ಹೊರಪೊರೆಯನ್ನು ಸೋರುವಂತೆ ಮಾಡುತ್ತದೆ. ಇದರಿಂದ ಅದೇ ಕ್ಯಾಸ್ಪೇಸ್‌ಗಳು ಇನ್ನೊಂದು ದಿಕ್ಕಿನಿಂದಲೂ ಪ್ರಚೋದಿತವಾಗುತ್ತವೆ. ಕೊಲೆಯೆಂದು ನಾವು ಕರೆಯುವುದು ವಸ್ತುತಃ ಎರಡು ಮೂರು ಕಡಿತಗಳಷ್ಟೆ. ಉಳಿದುದೆಲ್ಲ ಆ ಕೋಶದ ಸ್ವಂತ ಕಾರ್ಯ. ಸತ್ತ ಕೋಶ ಒಡೆದು ಚೆಲ್ಲದೆ, ಪೊರೆಯೊಳಗೇ ಸಣ್ಣಸಣ್ಣ ಗುಳ್ಳೆಗಳಾಗಿ ಬೇರ್ಪಟ್ಟು, ಭಕ್ಷಕ ಕೋಶಗಳ ಹೊಟ್ಟೆ ಸೇರುತ್ತದೆ.

ಎಲ್ಲ ಸಾವೂ ಹೀಗೆ ನಿಶ್ಶಬ್ದವಾಗಿಯೇ ನಡೆಯುತ್ತದೆಂದು ಮಾತ್ರ ತಿಳಿಯಕೂಡದು. ಗ್ರಾಂಜೈಮ್ ಎ ಏನು ಮಾಡುತ್ತದೆಂಬ ಚರ್ಚೆ ವರ್ಷಗಟ್ಟಲೆ ನಡೆದಿದ್ದಿತು. ಅದು ಗ್ಯಾಸ್ಡರ್ಮಿನ್ ಬಿ ಎಂಬ ಪ್ರೋಟೀನನ್ನು ಕತ್ತರಿಸುತ್ತದೆಂದೂ, ಹಾಗೆ ಬಿಡುಗಡೆಯಾದ ಅದರ ತುಂಡು ಒಳಗಿನಿಂದಲೇ ಕೋಶದ ಪೊರೆಯನ್ನು ತೂತುಮಾಡಿ ಕೋಶವು ಉಬ್ಬಿ ಒಡೆಯುವಂತೆ ಮಾಡುತ್ತದೆಂದೂ 2020ರಲ್ಲಿ ಬೀಜಿಂಗಿನ ಫೆಂಗ್ ಶಾವೊ ಅವರ ತಂಡ ತೋರಿಸಿತು. ಹೀಗೆ ಒಡೆದ ಕೋಶ ತನ್ನ ಒಳಗಿನದನ್ನೆಲ್ಲ ಹೊರಗೆ ಚೆಲ್ಲಿ ಸುತ್ತಮುತ್ತಲೂ ಉರಿಯೂತವನ್ನು ಎಬ್ಬಿಸುತ್ತದೆ. ಇದು ಪುಸ್ತಕದ ಮಾತಾಗಿಯೇ ಉಳಿದಿಲ್ಲ. ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಕೃತಕ ಗ್ರಾಹಕವನ್ನು ಅವಕ್ಕೆ ಅಳವಡಿಸಿ ಮರಳಿ ಶರೀರಕ್ಕೆ ಸೇರಿಸುವ ಕಾರ್-ಟಿ ಚಿಕಿತ್ಸೆಯಿದೆಯಲ್ಲ, ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಂಶೋಧನೆಯಿಂದ ಭಾರತೀಯ ರೂಪ ತಾಳಿ 2023ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಅನುಮತಿ ಪಡೆದದ್ದು, ಅಲ್ಲಿಯೂ ಕೊಲ್ಲುವ ಸಾಧನ ಇದೇ ಪರ್ಫೊರಿನ್, ಇದೇ ಗ್ರಾಂಜೈಮ್. ಈ ಚಿಕಿತ್ಸೆ ಪಡೆದ ಕೆಲವರಲ್ಲಿ ತೀವ್ರ ಜ್ವರ ಬಂದು ರಕ್ತದೊತ್ತಡ ಕುಸಿಯುವುದಕ್ಕೆ, ಗ್ರಾಂಜೈಮ್ ಬಿ ಎಬ್ಬಿಸಿದ ಕ್ಯಾಸ್ಪೇಸ್ ಮತ್ತೊಂದು ಗ್ಯಾಸ್ಡರ್ಮಿನ್ನನ್ನು ಕತ್ತರಿಸಿ ಕ್ಯಾನ್ಸರ್ ಕೋಶಗಳನ್ನು ಸಿಡಿಸುವುದೂ ಒಂದು ಕಾರಣವೆಂದು ಕಂಡುಬಂದಿದೆ.

ವೈರಾಣುಗಳು ಇದನ್ನೆಲ್ಲ ಎಷ್ಟು ಕೋಟಿ ವರ್ಷಗಳಿಂದ ಎದುರಿಸುತ್ತ ಬಂದಿವೆಯೋ! ಗೋಸಿಡುಬಿನ ವೈರಾಣು ಸರ್ಪಿನ್ ಮಾದರಿಯ ಪ್ರೋಟೀನೊಂದನ್ನು ತಾನೇ ತಯಾರಿಸಿಕೊಂಡು ಗ್ರಾಂಜೈಮ್ ಬಿ ಕಿಣ್ವವನ್ನು ಹಿಡಿದುಹಾಕುತ್ತದೆ. ನೆಗಡಿ, ಕಣ್ಣುಬೇನೆಗಳನ್ನು ತರುವ ಅಡಿನೋ ವೈರಾಣುವಿನದು ಇನ್ನೂ ಸ್ವಾರಸ್ಯವಾದ ಪ್ರಸಂಗ. ತನ್ನ ಹೊರಕವಚದ ಜೋಡಣೆಗೆ ಅದಕ್ಕೆ ಬೇಕೇಬೇಕಾದ ಒಂದು ಪ್ರೋಟೀನು ಗ್ರಾಂಜೈಮ್ ಬಿ ಕಿಣ್ವವನ್ನು ತಡೆಯುವ ಎರಡನೆಯ ಉದ್ಯೋಗವನ್ನೂ ಮಾಡುತ್ತದೆ. ಆದರೆ ಗ್ರಾಂಜೈಮ್ ಹೆಚ್ ಬಂದು ಆ ಪ್ರೋಟೀನನ್ನೇ ಕತ್ತರಿಸುತ್ತದೆಂದು 2007ರಲ್ಲಿ ತಿಳಿಯಿತು. ಬಿ ಬಿಡುಗಡೆಯಾಯಿತು, ವೈರಾಣುವಿನ ಕಟ್ಟಡಕ್ಕೂ ಸಾಮಗ್ರಿ ತಪ್ಪಿತು. ಒಂದು ಸಾಲದೆ ಐದು ಗ್ರಾಂಜೈಮ್‌ಗಳೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ. ಇಲಿಗಳಲ್ಲಿಯೂ ಗ್ರಾಂಜೈಮ್ ಎ ಒಂದನ್ನೇ ತೆಗೆದರೆ ಅವು ಹೆಚ್ಚೇನೂ ತೊಡಕಿಲ್ಲದೆ ಬದುಕುತ್ತವೆ. ಎ ಮತ್ತು ಬಿ ಎರಡನ್ನೂ ತೆಗೆದ ಇಲಿಗಳಾದರೋ ಪರ್ಫೊರಿನ್ ಇಲ್ಲದ ಇಲಿಗಳಂತೆಯೇ ಇಲಿಸಿಡುಬಿಗೆ ಬಲಿಯಾದುವು. ಇನ್ನು ಮನುಷ್ಯನ ಕಣಿಕೆಗಳಲ್ಲಿ ಇಲಿಗಿಲ್ಲದ ಗ್ರಾನ್ಯುಲೈಸಿನ್ ಎಂಬ ಪ್ರೋಟೀನಿದ್ದು, ಅದು ಕೋಶದೊಳಗೆ ಅಡಗಿದ ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿದು ಗ್ರಾಂಜೈಮ್‌ಗಳಿಗೆ ಅಲ್ಲಿಗೂ ದಾರಿಮಾಡಿಕೊಡುತ್ತದೆ. ಕ್ಷಯದ ಬ್ಯಾಕ್ಟೀರಿಯಾವನ್ನು ಕೂಡ ಅದು ಕೊಲ್ಲಬಲ್ಲುದೆಂದು 1998ರಲ್ಲಿ ವರದಿಯಾಯಿತು. ಗ್ರಾಂಜೈಮ್ ಕೆ ಹಂತಕ ಪಂಕ್ತಿಯಿಂದ ತುಸು ಹೊರಗೆ ನಿಂತಂತಿದೆ. ಅದು ಕೋಶದ ಹೊರಗೇ ಉಳಿದು ರಕ್ತದ ಪೂರಕ ಪ್ರೋಟೀನುಗಳನ್ನು ಪ್ರಚೋದಿಸುತ್ತದೆಂದು ಇತ್ತೀಚೆಗೆ ಗೊತ್ತಾಗಿದೆ.

ಈ ವ್ಯವಸ್ಥೆ ಇಲ್ಲದೇ ಹೋದರೆ ಏನಾಗುತ್ತದೆ? ವೈರಾಣುಗಳು ಹೆಚ್ಚಿ ರೋಗಿ ಸಾಯುತ್ತಾನೆಂದು ಯಾರಾದರೂ ಹೇಳಿಯಾರು. ಆಗುವುದು ಅದಕ್ಕಿಂತ ವಿಚಿತ್ರ. 1952ರಲ್ಲಿ ಎಡಿನ್‌ಬರೋದ ವೈದ್ಯರಿಬ್ಬರು ಒಂದೇ ಮನೆಯ ಹಸುಳೆಗಳಲ್ಲಿ ಕಂಡ ಒಂದು ದಾರುಣ ರೋಗವನ್ನು ವರ್ಣಿಸಿದರು. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಬಿಡದ ಜ್ವರ ಬಂದು, ಯಕೃತ್ತು ಗುಲ್ಮಗಳು ದೊಡ್ಡದಾಗಿ, ರಕ್ತಕಣಗಳು ಮೂರೂ ಬಗೆಯವೂ ಕ್ಷೀಣಿಸಿ, ಭಕ್ಷಕ ಕೋಶಗಳು ಹುಚ್ಚೆದ್ದಂತೆ ಸ್ವಂತ ರಕ್ತಕಣಗಳನ್ನೇ ನುಂಗುತ್ತಿದ್ದುವು. ಎಚ್‌ಎಲ್‌ಎಚ್ ಎಂದು ವೈದ್ಯರು ಸಂಕ್ಷೇಪವಾಗಿ ಕರೆಯುವ ಈ ರೋಗದ ವಂಶಪಾರಂಪರ್ಯ ರೂಪಕ್ಕೆ ಅನೇಕ ಮನೆತನಗಳಲ್ಲಿ ಪರ್ಫೊರಿನ್ನಿನ ವಂಶವಾಹಿ ಕೆಟ್ಟಿರುವುದೇ ಕಾರಣವೆಂದು 1999ರಲ್ಲಿ ತಿಳಿದುಬಂತು. ಮತ್ತೆ ಕೆಲವರಲ್ಲಿ ಪರ್ಫೊರಿನ್ ಸರಿಯಾಗಿದ್ದರೂ ಕಣಿಕೆಯನ್ನು ಪೊರೆಗೆ ಬೆಸೆಯುವ ಪ್ರೋಟೀನುಗಳು ಕೆಟ್ಟಿರುತ್ತವೆ. ಕೊಲ್ಲಲು ಬಾರದ ಟಿ-ಕೋಶ ಸೋತು ಹಿಂದೆ ಸರಿಯುವುದಿಲ್ಲ. ಗುರಿ ಸತ್ತ ಮೇಲೆ ಕಳಚಿಕೊಳ್ಳಬೇಕೆಂಬುದು ಅದರ ಪದ್ಧತಿ. ಗುರಿ ಸಾಯದಿದ್ದರೆ ಅದು ಸಹಜವಾದ ಹೊತ್ತಿನ ಸುಮಾರು ಐದು ಪಟ್ಟು ಕಾಲ ಅಲ್ಲಿಯೇ ಅಂಟಿಕೊಂಡು, ಇಂಟರ್‌ಫೆರಾನ್ ಗಾಮಾ ಮೊದಲಾದ ಉದ್ರೇಕಕಾರಿ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತದೆ. ಪರ್ಫೊರಿನ್ ಇಲ್ಲದ ಇಲಿಗಳಿಗೆ ವೈರಾಣುವಿನ ಸೋಂಕು ತಗುಲಿಸಿದಾಗ ಅವು ಇದೇ ಬಗೆಯ ರೋಗದಿಂದ ಸತ್ತುವು; ಇಂಟರ್‌ಫೆರಾನನ್ನು ಪ್ರತಿಕಾಯದಿಂದ ತಡೆದಾಗ ಬದುಕಿಕೊಂಡುವು. ಎಂದರೆ ಕೊಲ್ಲುವ ಕಿಣ್ವವು ಸೋಂಕನ್ನು ನಿಲ್ಲಿಸುವಷ್ಟೇ ಮುಖ್ಯವಾಗಿ ಸೋಂಕಿನ ವಿರುದ್ಧದ ಹೋರಾಟವನ್ನೂ ನಿಲ್ಲಿಸುತ್ತದೆ. ಪಠ್ಯಪುಸ್ತಕಗಳು ಈ ಕಿಣ್ವಗಳನ್ನು ವರ್ಣಿಸುವಾಗ ಕತ್ತಿ ಕೋವಿಗಳ ಭಾಷೆಯನ್ನು ಧಾರಾಳವಾಗಿ ಬಳಸುತ್ತವೆ. ಕದನವಿರಾಮದ ಈ ಪಾತ್ರವನ್ನು ಅವು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ನನಗೆ ನ್ಯಾಯವಾಗಿ ತೋರುವುದಿಲ್ಲ.

ಈ ರೋಗಕ್ಕೆ ಈಗ ಚಿಕಿತ್ಸೆ ಇಲ್ಲದೆ ಇಲ್ಲ. ಸ್ಟೆರಾಯ್ಡು, ಎಟೊಪೊಸೈಡ್ ಮೊದಲಾದ ಔಷಧಗಳಿಂದ ಮೊದಲು ಉದ್ರೇಕವನ್ನು ಶಮನಗೊಳಿಸಿ, ಆ ಬಳಿಕ ಅಸ್ಥಿಮಜ್ಜೆಯ ಕಸಿ ಮಾಡಿದರೆ ಮಗುವಿಗೆ ಕೊಲ್ಲಬಲ್ಲ ಕೋಶಗಳು ಹೊಸದಾಗಿ ದೊರೆಯುತ್ತವೆ. ಆದರೆ ಅದಕ್ಕೆ ರೋಗವನ್ನು ಹೊತ್ತಿಗೆ ಸರಿಯಾಗಿ ಗುರುತಿಸಬೇಕು. ಬಿಡದ ಜ್ವರವನ್ನು ಬರಿಯ ಸೋಂಕೆಂದು ಬಗೆದು ದಿನ ಕಳೆದರೆ ಕೈಮೀರುತ್ತದೆ.

ಕನ್ನಡನಾಡಿನ ಓದುಗರಿಗೆ ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಮಗುವಿಗೆ ಬರುವ ರೋಗವಿದು. ಇಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಅವರು ಸಂಪೂರ್ಣ ಆರೋಗ್ಯವಂತರಾಗಿದ್ದರೂ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿರುವುದರಿಂದ ಹಾಗೆ ಎರಡು ಕೆಟ್ಟ ಪ್ರತಿಗಳು ಕೂಡುವ ಸಂಭವವೂ ಹೆಚ್ಚು. ಕಾರಣ ತಿಳಿಯದ ಜ್ವರದಿಂದ ಗುಲ್ಮ ಉಬ್ಬಿ, ರಕ್ತ ಕುಂದಿ ಹಸುಗೂಸೊಂದು ತೀರಿಕೊಂಡ ಮನೆಯವರು ಅದನ್ನು ಹಣೆಬರಹವೆಂದು ಬಿಟ್ಟುಬಿಡದೆ, ಮುಂದಿನ ಮಗುವಿನ ಯೋಚನೆಗೆ ಮೊದಲೇ ದೊಡ್ಡ ಆಸ್ಪತ್ರೆಯ ವಂಶವಾಹಿ ತಜ್ಞರನ್ನು ಕಂಡು ಪರೀಕ್ಷೆ ಮಾಡಿಸಿಕೊಳ್ಳಬೇಕು.